ಒಳ್ಳೆಯ ತಗಡು ಸಿಗುವವರೆಗೆ

ಗದಗಿನ ಗಾಳಿ ಕಬ್ಬಿಣಕ್ಕೆ ಹಿತವಾದದ್ದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದು ಮುಗಿಯಿತೆಂದರೆ ಉಳಿದ ತಿಂಗಳೆಲ್ಲ ಕಪ್ಪತಗುಡ್ಡದ ಕಡೆಯಿಂದ ಬೀಸುವ ಒಣಗಾಳಿ. ಗಾಳಿಯ ತೇವ ಶೇ 60ರ ಆಸುಪಾಸು ದಾಟಿದ ಮೇಲೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಏರುತ್ತದೆ. ನಮ್ಮ ಬೇಸಿಗೆಯ ಹಗಲುಗಳಲ್ಲಿ ಅದು ಆ ಮಟ್ಟಕ್ಕೆ ಬರುವುದು ಅಪರೂಪ. 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಗಾಳಿಯಲ್ಲಿ ಸದಾ ಕಡಲಿನ ಉಪ್ಪು ಇರುವ ಮಂಗಳೂರಿನಲ್ಲಿ ಒಂದು ಕಾರನ್ನು ಹತ್ತು ವರ್ಷ ಬಯಲಿನಲ್ಲಿ ಬಿಟ್ಟರೆ ಏನು ಉಳಿಯುತ್ತದೆಂದು ಅಲ್ಲಿಯವರಿಗೆ ಗೊತ್ತು. ನಮ್ಮ ಕಡೆ ಹಾಗಲ್ಲ. ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರದ ವಾಡೆಗಳ ಹಿತ್ತಲಲ್ಲಿ, ಶಿರಹಟ್ಟಿಯ ಹಳೆಯ ವಖಾರಗಳ ಮೂಲೆಯಲ್ಲಿ ಅಂಬಾಸಿಡರ್, ಫಿಯಟ್, ವಿಲ್ಲಿಸ್ ಜೀಪುಗಳು ತಾಡಪತ್ರಿ ಹೊದ್ದು ನಿಂತಿರುವುದನ್ನು ಇಂದಿಗೂ ಕಾಣಬಹುದು. ತಾಡಪತ್ರಿ ಸರಿಸಿ ಬಾನೆಟ್ಟಿನ ಮೇಲಿನ ಧೂಳು ಒರೆಸಿದರೆ ಬಣ್ಣ ಇನ್ನೂ ಮಿನುಗುತ್ತದೆ.

ಆದರೆ ಗಾಳಿ ಕಾಯ್ದದ್ದನ್ನು ಮಣ್ಣು ತಿನ್ನುತ್ತದೆ. ನಮ್ಮದು ಎರೆನಾಡು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ, ಹಿಡಿದ ತೇವವನ್ನು ಮಾತ್ರ ಬೇಗ ಬಿಟ್ಟುಕೊಡುವುದಿಲ್ಲ. ಡಾಂಬರು ಬರುವುದಕ್ಕೆ ಮೊದಲು ಮಳೆಗಾಲದಲ್ಲಿ ಹೊಲದ ದಾರಿ ಹಿಡಿದ ಕಾರಿನ ಚಕ್ರಗಳು ಆ ಮಣ್ಣನ್ನು ಮಡ್‌ಗಾರ್ಡಿನ ಒಳಗೆ, ತಗಡು ತಗಡು ಕೂಡುವ ಮಡಿಕೆಯೊಳಗೆ ಎಸೆಯುತ್ತಿದ್ದವು. ಹೊರಗೆ ಬಿಸಿಲು ಬಿದ್ದು ವಾರಗಳಾದರೂ ಆ ಮಡಿಕೆಯೊಳಗಿನ ಮಣ್ಣು ತಂಪಾಗಿಯೇ ಇರುತ್ತಿತ್ತು. ಹೀಗಾಗಿ ಕರಾವಳಿಯ ಕಾರಿಗೆ ಎಲ್ಲ ಕಡೆಯಿಂದ ತುಕ್ಕು ಹತ್ತಿದರೆ ನಮ್ಮ ಕಾರಿಗೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಕೊಳ್ಳಲು ಬಂದ ಹೊಸಬರು ನೆತ್ತಿ, ಬಾನೆಟ್ಟು ನೋಡಿ ದರ ಆಡುತ್ತಾರೆ. ತಿಳಿದವರು ಮೊದಲು ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತಾರೆ.

ನನ್ನ ಪಾಲಿಗೆ ಬಂದದ್ದು ಲಕ್ಷ್ಮೇಶ್ವರದ ಸೋದರಮಾವನ ಫಿಯಟ್ 1100 ಡಿಲೈಟ್. ಗದಗಿನ ಪೇಟೆಯಲ್ಲಿ ಹತ್ತಿಯ ಅಡತಿ ನಡೆಸುತ್ತಿದ್ದ ಕಾಲದಲ್ಲಿ ಅವರು ಕೊಂಡದ್ದು. ಮುಂಬಯಿಯ ಕುರ್ಲಾದಲ್ಲಿ ಇದನ್ನು ತಯಾರಿಸುತ್ತಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದ ವಾಲ್‌ಚಂದ್ ಹೀರಾಚಂದ್ ಹುಟ್ಟಿದ್ದು ಸೊಲ್ಲಾಪುರದಲ್ಲಿ. 1884ರಲ್ಲಿ ಬಂದ ಗದಗ–ಹೋಟಗಿ ರೈಲಿನ ಆ ತುದಿಯ ಪಕ್ಕದ ಊರು ಅದು. ಹತ್ತಿ, ಸೀರೆ, ಚಾದರದ ವ್ಯವಹಾರವಿದ್ದ ನಮ್ಮ ವರ್ತಕರಿಗೆ ಸೊಲ್ಲಾಪುರ ದೂರದ್ದೇನೂ ಆಗಿರಲಿಲ್ಲ. ಮಾವ ಆ ಕಾರನ್ನು ತಮ್ಮ ಸೀಮೆಯದೇ ಅಂತ ಹೇಳಿಕೊಳ್ಳುತ್ತಿದ್ದರು. 1964ರಿಂದ ಬರತೊಡಗಿದ ಡಿಲೈಟ್‌ನದು 1089 ಸಿಸಿ ಎಂಜಿನ್, ಸ್ಟೀರಿಂಗ್ ಕೊಳವೆಗೆ ಹೊಂದಿಸಿದ ಗೇರು. ಇದೇ ಮೈಕಟ್ಟು ಆಮೇಲೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ದಶಕಗಳ ಕಾಲ ಓಡಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಅಂದು ಮಾವ ಪೇಪರು ಮಡಚಿಟ್ಟು ಬಹಳ ಹೊತ್ತು ಮಾತಾಡಿರಲಿಲ್ಲ.

ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಗೆ, ಮುಂಡರಗಿ ದಾಟಿ ತುಂಗಭದ್ರೆಯ ಸ್ನಾನಕ್ಕೆ, ಹುಲಕೋಟಿಯ ಬೀಗರ ಮನೆಗೆ ನಾವೆಲ್ಲ ತುಂಬಿಕೊಂಡು ಹೋಗುತ್ತಿದ್ದುದು ಅದರಲ್ಲೇ. ಮಾವನ ಕಣ್ಣು ಮಂಜಾಗಿ ಗಾಡಿ ಬಿಟ್ಟ ಮೇಲೆ ಅದು ಹಿತ್ತಲಿನ ಪತ್ರಾಸಿನ ಕೆಳಗೆ ನಿಂತಿತು. ನಿಂತ ಗಾಡಿ ಮೆಲ್ಲಗೆ ಉಗ್ರಾಣವಾಯಿತು. ಹಿಂದಿನ ಸೀಟಿನ ಮೇಲೆ ಹತ್ತಿಕಾಳಿನ ಚೀಲ, ನೆತ್ತಿಯ ಮೇಲೆ ಮೆಣಸಿನಕಾಯಿಯ ತಟ್ಟು, ಡಿಕ್ಕಿಯಲ್ಲಿ ಡಿಎಪಿ ಗೊಬ್ಬರ. ಗೊಬ್ಬರ ಗಾಳಿಯ ತೇವವನ್ನು ತಾನೇ ಎಳೆದುಕೊಂಡು ಬೆವರುತ್ತದೆ, ಆ ಬೆವರು ಉಪ್ಪಿನ ನೀರು. ಒಣಸೀಮೆಯ ನಡುವೆ ಆ ಡಿಕ್ಕಿಯೊಳಗೆ ಒಂದು ಪುಟ್ಟ ಕರಾವಳಿ ಹುಟ್ಟಿಕೊಂಡಿತ್ತು. ಮೇಲಿನಿಂದ ಪಾರಿವಾಳಗಳ ಹಿಕ್ಕೆ ಬೇರೆ.

“ಅಳಿಯಾ, ಮಾರೂದಿದ್ರ ಗುಜರಿಯವಗ ಎಂದೋ ಕೊಡತಿದ್ನಿ. ನೀ ನಡಸ್ತೀನಿ ಅಂದ್ರ ಒಯ್ಯಿ,” ಅಂದರು ಮಾವ. ಮುಳಗುಂದದ ಮೇಲೆ ಹಾಯ್ದು ಒಂದು ಟ್ರಾಲಿಯಲ್ಲಿ ಅದು ಬೆಟಗೇರಿಗೆ ಬಂತು.

ಬೆಟಗೇರಿಯಲ್ಲಿ ತಗಡಿನ ಕೆಲಸದ ಒಬ್ಬ ಉಸ್ತಾದರಿದ್ದಾರೆ. ಎಲ್ಲರಿಗೂ ಅವರು ಚಾಚಾ. ಅವರ ತಂದೆ ಊರೂರು ತಿರುಗಿ ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ನವಸಾಗರದ ಹೊಗೆಯಲ್ಲಿ ಕೂತು ತವರದ ಗುಣ ಕಲಿತವರು. ಮಗ ಪಾತ್ರೆಯಿಂದ ಬಸ್ಸಿಗೆ, ಬಸ್ಸಿನಿಂದ ಕಾರಿಗೆ ಬಂದರು. ಕಾರು ಇಳಿಸಿದ ದಿನ ಅವರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಸ್ಕ್ರೂಡ್ರೈವರಿನ ಕಟ್ಟಿಗೆ ಹಿಡಿಯಿಂದ ಬಾಗಿಲ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ತಟ್ಟುತ್ತ ಬಂದರು. ಟಣ್, ಟಣ್, ಟಣ್ ಅನ್ನುತ್ತಿದ್ದದ್ದು ಬಾಗಿಲ ಬುಡಕ್ಕೆ ನಾಲ್ಕು ಬೆರಳು ಇರುವಾಗ ಡಬ್ ಅಂತ ಸತ್ತುಹೋಯಿತು. ಅಲ್ಲೊಂದು ಸೀಮೆಸುಣ್ಣದ ಗೆರೆ ಎಳೆದರು. ಮುಂದಿನ ಗಾಜಿನ ರಬ್ಬರಿನ ಕೆಳಗೆ, ಬ್ಯಾಟರಿ ಕೂರುವ ತಟ್ಟೆಯ ಸುತ್ತ, ಹಿಂದಿನ ಚಕ್ರದ ಕಮಾನಿನಲ್ಲಿ, ಕಾಲಿಡುವ ತಳದ ಮೂಲೆಗಳಲ್ಲಿ ಹೀಗೇ ಗೆರೆಗಳು ಬಿದ್ದವು. ಕೊನೆಗೆ ಕಾರಿಗೆ ಸೊಂಟಪಟ್ಟಿ ಕಟ್ಟಿದ ಹಾಗೆ ಬಿಳಿ ಗೆರೆಯೊಂದು ಸುತ್ತುವರಿದಿತ್ತು.

“ಮಾಸ್ತರ್ರ, ಈ ಗೆರಿ ಮ್ಯಾಲಿನದೆಲ್ಲಾ ಕಂಪನಿ ತಗಡ. ಕೆಳಗಿನದು ಬರೇ ಬಣ್ಣ ನಿಂತೈತಿ.”

ಬಣ್ಣ ಹೀಗೆ ಬರಿದೇ ನಿಲ್ಲಲು ಕಾರಣ ತುಕ್ಕಿನ ಗುಣದಲ್ಲೇ ಇದೆ. ಕಬ್ಬಿಣ ನೀರು, ಆಮ್ಲಜನಕದ ಜೊತೆ ಸೇರಿ ತುಕ್ಕಾದಾಗ ಅದರ ಗಾತ್ರ ಎರಡರಿಂದ ಆರು ಪಟ್ಟಿನವರೆಗೆ ಹಿಗ್ಗುತ್ತದೆ. ಹಿಗ್ಗಿದ್ದು ಬಣ್ಣವನ್ನು ಮೇಲಕ್ಕೆ ನೂಕಿ ಬುಗ್ಗೆ ಎಬ್ಬಿಸುತ್ತದೆ. ಬುಗ್ಗೆ ಒಡೆದರೆ ನೀರು ಇನ್ನೂ ಸಲೀಸಾಗಿ ಒಳಗಿಳಿಯುತ್ತದೆ. ತಾಮ್ರದ ಹಸಿರು ಪೊರೆ ಒಳಗಿನ ತಾಮ್ರವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ದಯೆಯಿಲ್ಲ, ಅದು ಉದುರಿ ಹೊಸ ಕಬ್ಬಿಣವನ್ನು ಗಾಳಿಗೆ ತೆರೆದಿಡುತ್ತದೆ. ಮಲೆನಾಡಿನ ಅಷ್ಟು ಮಳೆಯಲ್ಲಿ ಕೊಡಚಾದ್ರಿಯ ಕಬ್ಬಿಣದ ಕಂಬ ತಲೆಮಾರುಗಳಿಂದ ನಿಂತಿದೆಯಲ್ಲ ಎಂದು ಕೇಳಬಹುದು. ಇದ್ದಲಿನ ಕುಲುಮೆಯಲ್ಲಿ ಕಾಸಿ ಬಡಿದ ದಪ್ಪ ಕಬ್ಬಿಣ ಅದು. ಕಾರಿನ ಮೈ ಹಾಗಲ್ಲ. 20 ಗೇಜಿನ ತಗಡು ಅಂದರೆ ಒಂದು ಮಿಲಿಮೀಟರೂ ತುಂಬುವುದಿಲ್ಲ. ಎರಡೂ ಬದಿಯಿಂದ ತಿನ್ನಿಸಿಕೊಳ್ಳುವ ಅಷ್ಟು ತೆಳುವಾದದ್ದರ ಆಯುಷ್ಯ ಅದರ ಬಣ್ಣದ ಆಯುಷ್ಯವೇ.

ಇಲ್ಲಿ ಎರಡು ದಾರಿಗಳಿವೆ. ಒಂದು, ಬುಗ್ಗೆಯನ್ನು ಕೆರೆದು, ತೂತಿಗೆ ಜಾಳಿಗೆ ಅಂಟಿಸಿ, ಮೇಲೆ ಪುಟ್ಟಿ ಬಳಿದು, ವಾಟರ್ ಪೇಪರಿನಿಂದ ನುಣ್ಣಗೆ ತಿಕ್ಕಿ ಬಣ್ಣ ಹೊಡೆಯುವುದು. ವಾರದೊಳಗೆ ಗಾಡಿ ಮದುಮಗನಾಗಿ ಹೊರಬರುತ್ತದೆ. ಆದರೆ ಪುಟ್ಟಿ ತೇವ ಹೀರುವ ವಸ್ತು. ಅದರ ಬೆನ್ನಿಗೆ ಉಳಿದ ತುಕ್ಕು ಕತ್ತಲಲ್ಲಿ ತನ್ನ ಕೆಲಸ ನಡೆಸಿಯೇ ಇರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ, ಮೊದಲಿಗಿಂತ ದೊಡ್ಡದಾಗಿ, ಬುಗ್ಗೆ ಏಳುತ್ತದೆ. ನಮ್ಮ ಫಿಯಟ್ಟಿಗೂ ಹಿಂದೆ ಯಾರೋ ಹೀಗೆ ಮಾಡಿದ್ದರು. ಚಾಚಾ ಕೆರೆದಾಗ ಹಿಂದಿನ ಕಮಾನಿನಿಂದ ಬೆರಳು ದಪ್ಪದ ಪುಟ್ಟಿ ಹಪ್ಪಳದ ಹಾಗೆ ಮುರಿದು ಬಿತ್ತು. ಅದರ ಹಿಂದೆ ತಗಡೇ ಇರಲಿಲ್ಲ.

ಎರಡನೆಯದು, ಕತ್ತರಿಸುವ ದಾರಿ. ನನ್ನ ಮನಸ್ಸು ಒಪ್ಪುವುದು ಇದನ್ನೇ, ಇದೊಂದನ್ನೇ. ತುಕ್ಕು ಕಂಡಲ್ಲಿಗೆ ನಿಲ್ಲಿಸದೆ, ಕತ್ತರಿಯ ಅಂಚು ಬೆಳ್ಳಗೆ ಹೊಳೆಯುವ ಒಳ್ಳೆಯ ತಗಡು ಸಿಗುವವರೆಗೆ ಹೋಗಬೇಕು. ಅಲ್ಲಿಂದ ಒಂದು ಗೆರೆಯಷ್ಟೂ ಮುಂದೆ ಹೋಗಬಾರದು. ಅಲ್ಲಿಯವರೆಗೆ ಹೋಗಲು ಧೈರ್ಯ ಬೇಕು, ಅಲ್ಲೇ ನಿಲ್ಲಲು ಸಂಯಮ. ಎರಡೂ ಇರುವ ಕೈಗಳು ಕಡಿಮೆ.

ಫಿಯಟ್ಟಿನಲ್ಲಿ ಕತ್ತರಿಸುವುದು ಸಲೀಸಲ್ಲ. ಜೀಪು, ಲಾರಿಗಳಲ್ಲಿ ಚಾಸಿ ಬೇರೆ, ಮೇಲಿನ ಬಾಡಿ ಬೇರೆ. ಬಾಡಿ ಪೂರಾ ಕಳಚಿಟ್ಟರೂ ಗಾಡಿ ನಿಲ್ಲುತ್ತದೆ. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ತಳ, ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಟೊಳ್ಳು ತೊಲೆ, ಕಂಬ, ನೆತ್ತಿ ಎಲ್ಲ ಸೇರಿಯೇ ಅದರ ಎಲುಬುಗೂಡು. ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅನ್ನುವ ಆ ಟೊಳ್ಳು ತೊಲೆಯೇ ಮೊದಲು ಕೊಳೆಯುವುದು. ಬಾಗಿಲೊಳಗೆ ಇಳಿದ ಮಳೆನೀರು ಹೊರಹೋಗಲು ಬುಡದಲ್ಲಿ ಸಣ್ಣ ಕಂಡಿಗಳನ್ನು ಬಿಟ್ಟಿರುತ್ತಾರೆ. ಎರೆಮಣ್ಣು ಅವನ್ನು ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ತೊಲೆಯನ್ನು ಹಾಗೇ ಕೊಯ್ದುಬಿಟ್ಟರೆ ಕಾರು ನಡುವಿನಲ್ಲಿ ಬಾಗುತ್ತದೆ, ಮತ್ತೆ ಬಾಗಿಲು ಕೂರುವುದೇ ಇಲ್ಲ. ಅದಕ್ಕೇ ಚಾಚಾ ಮೊದಲು ಬಾಗಿಲುಗಳನ್ನು ಇಳಿಸಿ, ಬಾಗಿಲ ಚೌಕಟ್ಟಿನೊಳಗೆ ಕಬ್ಬಿಣದ ಆ್ಯಂಗಲ್‌ಗಳನ್ನು ಅಡ್ಡಡ್ಡ ಬೆಸೆದರು. ನಾಲ್ಕೂ ಕಡೆ ಸಮನಾಗಿ ಕಟ್ಟೆ ಕೊಟ್ಟು, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದು, ಗೋಡೆಯ ಮೇಲೆ ಅಳತೆ ಬರೆದಿಟ್ಟರು. ಒಂದು ಬದಿ ಕೊಯ್ದು, ಕೂರಿಸಿ, ಬೆಸೆದು ಮುಗಿಸುವವರೆಗೆ ಇನ್ನೊಂದು ಬದಿಯನ್ನು ಮುಟ್ಟಲಿಲ್ಲ.

ಹೊಸ ತೊಲೆ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಕೊಯ್ದು ತೆಗೆದ ಹಳೆಯದರ ಉಳಿದ ತುಣುಕುಗಳನ್ನು ಜೋಡಿಸಿ ರಟ್ಟಿನ ಮೇಲೆ ಆಕಾರ ತೆಗೆದೆವು. ಅದನ್ನು ಒಯ್ದದ್ದು ತಿಜೋರಿ, ಕಪಾಟು ಮಾಡುವವರ ಹತ್ತಿರ. ತಗಡನ್ನು ಉದ್ದಕ್ಕೆ ನೇರವಾಗಿ ಮಡಿಸುವ ಯಂತ್ರ ಇರುವುದು ಅವರಲ್ಲೇ. ಅವರ ಬಳಿ ಇದ್ದದ್ದು 22 ಗೇಜು. ಚಾಚಾ ಬೆರಳುಗಳ ನಡುವೆ ಹಿಡಿದು ನೋಡಿ ಬೇಡವೆಂದರು. 20 ಗೇಜಿನ ಸಿಆರ್ ಶೀಟು ಹುಬ್ಬಳ್ಳಿಯಿಂದ ಬಂದ ಮೇಲೆಯೇ ಮಡಿಕೆ ಬಿತ್ತು.

ಬೆಸುಗೆಯ ಕೆಲಸವನ್ನು ನಾನು ಮನಸಾರೆ ನೋಡಿದ್ದೇನೆ. ಮೊದಲೆಲ್ಲ ಡ್ರಮ್ಮಿನಲ್ಲಿ ಕಾರ್ಬೈಡಿಗೆ ನೀರು ಬಿಟ್ಟು ಹುಟ್ಟಿಸಿದ ಗ್ಯಾಸಿನ ಜ್ವಾಲೆಯಲ್ಲೇ ಎಲ್ಲ ನಡೆಯುತ್ತಿತ್ತು. ಈಗ ಸಿಓಟೂ ವೆಲ್ಡಿಂಗ್ ಬಂದಿದೆ, ಶಾಖ ಒಂದೇ ಕಡೆ ನಿಲ್ಲುತ್ತದೆ. ಆದರೂ ತೆಳು ತಗಡಿಗೆ ಶಾಖವೇ ವೈರಿ. ಕಾದಾಗ ಹಿಗ್ಗಿ, ಆರಿದಾಗ ಮೊದಲಿಗಿಂತ ಹೆಚ್ಚು ಕುಗ್ಗಿ ಸುತ್ತಲಿನದನ್ನೆಲ್ಲ ಎಳೆದು ಸೊಟ್ಟ ಮಾಡುತ್ತದೆ. ಅದಕ್ಕೆ ಒಂದು ಚುಕ್ಕೆ ಇಲ್ಲಿ ಬೆಸೆದರೆ ಮುಂದಿನದು ಒಂದು ಗೇಣು ಆಚೆ. ನಡುವೆ ಕೈಯಿಟ್ಟು ನೋಡಿ, ತಣ್ಣಗಾದ ಮೇಲೆ ಮೂರನೆಯದು. ಚುಕ್ಕೆಗಳು ಕೂಡಿ ಗೆರೆಯಾಗಲು ಇಡೀ ಮಧ್ಯಾಹ್ನ ಬೇಕು. ಅಂಚಿಗೆ ಅಂಚು ತಾಗಿಸಿ ಬೆಸೆಯಬೇಕೇ ಹೊರತು ಹಳೆಯದರ ಮೇಲೆ ಹೊಸದನ್ನು ಹೊದಿಸಿ ಬೆಸೆಯಬಾರದು ಎಂಬುದು ಚಾಚಾನ ಕಟ್ಟುನಿಟ್ಟು. ಹೊದಿಸಿದರೆ ಎರಡು ಪದರಗಳ ನಡುವೆ ನೀರಿಗೆ ಮನೆ ಮಾಡಿಕೊಟ್ಟಂತೆ.

ಬಡಿಯುವುದೂ ಅಳತೆಯ ಕೆಲಸ. ಒಳಗೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಹೊರಗೆ ಸುತ್ತಿಗೆ ಬಿಟ್ಟಂತೆಲ್ಲ ತಗಡು ಅಷ್ಟಷ್ಟೇ ಹಿಗ್ಗುತ್ತದೆ. ಹೆಚ್ಚು ಹಿಗ್ಗಿದರೆ ನಡುವೆ ಸಡಿಲಾಗಿ, ಒತ್ತಿದಾಗ ಒಳಗೆ ಹೋಗಿ ಬಿಟ್ಟಾಗ ಸಿಡಿದು ಹೊರಬರುತ್ತದೆ. “ಡಬ್ಬಿ ಹೊಡೀತೈತಿ” ಅನ್ನುತ್ತಾರೆ. ಅದಕ್ಕೆ ಮದ್ದು, ಆ ಜಾಗದಲ್ಲಿ ನಾಣ್ಯದಗಲ ಕೆಂಪಗೆ ಕಾಸಿ, ಸುತ್ತ ಮೆಲ್ಲಗೆ ಬಡಿದು, ಹಸಿ ಬಟ್ಟೆ ಒತ್ತುವುದು, ತಗಡು ಬಿಗಿದುಕೊಳ್ಳುತ್ತದೆ. ಸಮ ಬಂತೋ ಇಲ್ಲವೋ ಎಂದು ಚಾಚಾ ನೋಡುವುದು ಕಣ್ಣಿನಿಂದಲ್ಲ. ಕಣ್ಣು ಬೇರೆ ಕಡೆ ಇರುತ್ತದೆ, ಅಂಗೈ ತಗಡಿನ ಮೇಲೆ ಉದ್ದಕ್ಕೆ ಹರಿಯುತ್ತದೆ. ಆಮೇಲೆ ಮೇಲಿಷ್ಟು ಸೀಮೆಎಣ್ಣೆ ಸವರಿ, ಟ್ಯೂಬ್‌ಲೈಟಿನ ಬಿಂಬ ಅದರಲ್ಲಿ ನೆಟ್ಟಗೆ ಬೀಳುತ್ತದೆಯೋ ಅಲುಗುತ್ತದೆಯೋ ನೋಡುತ್ತಾರೆ. ಅಂಗೈ ಹೇಳಿದ್ದನ್ನು ಬಿಂಬ ಸುಳ್ಳು ಮಾಡಿದ್ದನ್ನು ನಾನು ಕಾಣೆ.

ಬೆಸುಗೆಯ ಗೆರೆಯ ಮೇಲಿನ ತಗ್ಗನ್ನು ತುಂಬಲು ಅವರು ಪುಟ್ಟಿ ಮುಟ್ಟಲಿಲ್ಲ. ಹಳೆಯ ಕಾಲದ ಮೋಟಾರು ಕಾರ್ಖಾನೆಗಳಲ್ಲಿ ಕೀಲುಗಳ ಮೇಲೆ ಸೀಸ, ತವರದ ಮಿಶ್ರಣವನ್ನು ಮೆತ್ತಗೆ ಕಾಸಿ ಕಟ್ಟಿಗೆಯ ಹಲಗೆಯಿಂದ ಹರಡುವ ರೂಢಿಯಿತ್ತು. ಚಾಚಾ ಅದನ್ನೇ ಮಾಡಿದರು. ಮೊದಲು ತಗಡಿಗೆ ತವರ ಹಿಡಿಸಿದ ರೀತಿ, ಹತ್ತಿಯ ಉಂಡೆಯಿಂದ ಅದನ್ನು ಒರೆಸಿ ಬೆಳ್ಳಗೆ ಮಾಡಿದ ರೀತಿ, ಅಪ್ಪನ ಕಲಾಯಿಯದೇ. ಸೀಸದ ಧೂಳು ಒಳ್ಳೆಯದಲ್ಲವೆಂದು ಅದನ್ನು ಗ್ರೈಂಡರಿಗೆ ಕೊಡದೆ ಅರದಿಂದಲೇ ಉಜ್ಜಿದರು.

ಕಳಚಿಟ್ಟ ಸಣ್ಣ ಸಾಮಾನುಗಳ ಚಿಕಿತ್ಸೆಗೆ ಮುಂಡರಗಿಯ ಓಡಾಟ ಉಪಯೋಗಕ್ಕೆ ಬಂತು. ತುಂಗಭದ್ರೆಯ ದಂಡೆಯ ಆ ಕಬ್ಬಿನ ಸೀಮೆಯಲ್ಲಿ ದನದ ಮೇವಿಗೆ ಬೆರೆಸಲು ಕಾಕಂಬಿ ಸಿಗುತ್ತದೆ. ಒಂದು ಪಾಲು ಕಾಕಂಬಿಗೆ ಎಂಟೊಂಬತ್ತು ಪಾಲು ನೀರು ಬೆರೆಸಿ, ಕೀಲು, ಬಂಪರಿನ ಹಿಡಿ, ಸೀಟಿನ ಚೌಕಟ್ಟುಗಳನ್ನು ಒಂದೆರಡು ವಾರ ಅದರಲ್ಲಿ ಮುಳುಗಿಸಿಡಬೇಕು. ಕಾಕಂಬಿಯೊಳಗಿನ ಸತ್ವಗಳು ತುಕ್ಕನ್ನು ಹಿಡಿದು ಬಿಡಿಸುತ್ತವೆ, ಒಳ್ಳೆಯ ಕಬ್ಬಿಣವನ್ನು ಹೆಚ್ಚೇನೂ ಮುಟ್ಟುವುದಿಲ್ಲ. ಅಲ್ಯೂಮಿನಿಯಂ ಮಾತ್ರ ಹಾಕಬಾರದು, ಅದನ್ನು ತಿಂದುಬಿಡುತ್ತದೆ. ಹುಳಿ ಬಂದ ಮೇಲೆ ಏಳುವ ವಾಸನೆಗೆ ಓಣಿಯವರು ಮೂಗು ಮುಚ್ಚಿಕೊಂಡು ಓಡಾಡಿದರು. ಆದರೆ ತೊಳೆದಾಗ ಹೊರಬಂದ ಬೂದು ಬಣ್ಣದ ಶುದ್ಧ ಕಬ್ಬಿಣ ಕಂಡು ನನಗಾದ ಸಂತೋಷ ದೊಡ್ಡದು. ತೊಳೆದೊಡನೆ ಒಣಗಿಸಿ ಪ್ರೈಮರ್ ಬಳಿಯಬೇಕು, ಇಲ್ಲದಿದ್ದರೆ ಕಣ್ಣೆದುರೇ ಕೆಂಪು ಮತ್ತೆ ಹತ್ತುತ್ತದೆ.

ಎಷ್ಟು ಹಳೆಯದನ್ನು ಉಳಿಸಿದರೆ ಕಾರು ಅದೇ ಕಾರಾಗಿ ಉಳಿಯುತ್ತದೆ? ಗದಗ, ಲಕ್ಷ್ಮೇಶ್ವರ, ಮುಂಡರಗಿ ನಡುವೆ ಓಡಾಡುವವನಿಗೆ ಈ ಪ್ರಶ್ನೆ ಹೊಸದಲ್ಲ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ ಇದೆ, ಮುಂಡರಗಿ ದಾರಿಯ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ, ಗದಗಿನ ಮಗ್ಗುಲಲ್ಲೇ ಲಕ್ಕುಂಡಿ. ಪುರಾತತ್ವ ಇಲಾಖೆಯ ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಸಂರಕ್ಷಣೆಯ ಕೈಪಿಡಿ ಹಳೆಯದನ್ನು ಕಾಪಾಡಬೇಕೇ ಹೊರತು ಹೊಸದಾಗಿ ಮಾಡಿ ನಿಲ್ಲಿಸಬಾರದು ಎಂಬ ನೆಲೆಯದು. ಕುಸಿದಲ್ಲಿ ಆಧಾರಕ್ಕೆ ಹೊಸ ಕಲ್ಲು ಕೊಟ್ಟರೂ ಅದರ ಮೇಲೆ ಹಳೆಯ ಕೆತ್ತನೆಯ ನಕಲು ಮಾಡುವುದಿಲ್ಲ, ಸಾದಾ ಬಿಡುತ್ತಾರೆ. ನೋಡುವವನಿಗೆ ಶಿಲ್ಪಿಯದು ಯಾವುದು, ಆಸರೆಯದು ಯಾವುದು ಎಂದು ತಿಳಿಯುತ್ತದೆ. ಕಾರಿಗೆ ಹೀಗೆ ಮಾಡಲಾಗದು, ಬಣ್ಣ ಎಲ್ಲವನ್ನೂ ಮುಚ್ಚುತ್ತದೆ. ಆದರೂ ಒಳಮೈಯಲ್ಲಿ, ಚಾಪೆಯ ಕೆಳಗೆ, ಬೆಸುಗೆಯ ಗೆರೆಗಳನ್ನು ಉಜ್ಜಿ ಅಳಿಸಬೇಡಿ ಎಂದು ನಾನು ಕೇಳಿಕೊಂಡೆ. ಡ್ಯಾಶ್‌ಬೋರ್ಡಿನ ಹಿಂದೆ ಕಾರ್ಖಾನೆಯ ಮೂಲ ಬೂದು ಬಣ್ಣ ಒಂದು ಅಂಗೈಯಗಲ ಉಳಿದಿತ್ತು. ಅದರ ಮೇಲೂ ಏನೂ ಬಳಿಯಲಿಲ್ಲ.

ಕಾನೂನು ಕೂಡ ಇದನ್ನೇ ಕೇಳುತ್ತದೆ. 2021ರ ಜುಲೈನಲ್ಲಿ ಕೇಂದ್ರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಕಾಣದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳನ್ನೂ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ಚಕ್ರದಾಕಾರದ ಪಯಣ ಸಂಗ್ರಹಾಲಯವನ್ನೂ ಕಂಡವರಿಗೆ ಈ ಕೆಲಸ ಮುಗಿದಾಗ ಹೇಗಿರುತ್ತದೆಂದು ಗೊತ್ತಾಗುತ್ತದೆ. ಅಲ್ಲಿ ನಿಂತಾಗ ನನಗೆ ಆಸೆಯಾದದ್ದು ಆ ಕಾರುಗಳ ಕೆಳಗೆ ಮಲಗಿ ನೋಡಲು, ಯಾವ ಊರಿನ ಯಾವ ಉಸ್ತಾದನ ಬೆಸುಗೆ ಅದೆಂದು ಕೇಳಲು. ಫಲಕಗಳಲ್ಲಿ ತಯಾರಕರ ಹೆಸರಿರುತ್ತದೆ, ಮಾಲೀಕರ ಹೆಸರಿರುತ್ತದೆ. ತಗಡು ಬಡಿದವರ ಹೆಸರೂ ಇರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಏಕೆಂದರೆ ಆ ಕೈಗಳು ಕಡಿಮೆಯಾಗುತ್ತಿವೆ. ಈಗಿನ ಕಾರಿಗೆ ಬಾಗಿಲು ನೆಗ್ಗಿದರೆ ಬಾಗಿಲೇ ಹೊಸದು ಬರುತ್ತದೆ, ಹಣ ವಿಮೆಯಿಂದ. ನೆಗ್ಗಿದ್ದನ್ನು ಎತ್ತುವುದಕ್ಕೆ ಹಿಡಿಯುವ ಹೊತ್ತು ಯಾರಿಗೂ ಲಾಭವಲ್ಲ. ಹುಬ್ಬಳ್ಳಿಯಲ್ಲಿ ರೈಲು ಬೋಗಿಗಳ ಕಾರ್ಯಾಗಾರವಿದೆ, ಸಾರಿಗೆ ಸಂಸ್ಥೆಯ ಕಾರ್ಯಾಗಾರವಿದೆ. ಅಲ್ಲಿ ಪಳಗಿದವರು ಸುತ್ತಲಿನ ಊರುಗಳಲ್ಲಿ ಅಂಗಡಿ ಇಟ್ಟು ಹುಡುಗರನ್ನು ತಯಾರು ಮಾಡುತ್ತಿದ್ದ ಕಾಲವೊಂದಿತ್ತು. ಚಾಚಾನ ಮಗ ಹುಬ್ಬಳ್ಳಿಯ ಒಂದು ಶೋರೂಮಿನಲ್ಲಿ ಹೊಸ ಪ್ಯಾನೆಲ್‌ಗಳನ್ನು ಬೋಲ್ಟ್ ಹಾಕಿ ಕೂರಿಸುವ ಕೆಲಸದಲ್ಲಿದ್ದಾನೆ. ಸಂಬಳ ಚೆನ್ನಾಗಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಿಂದಿನ ಕಮಾನು ಬಡಿಯುವ ದಿನ ರಜೆಯ ಮೇಲೆ ಬಂದಿದ್ದವನು ಸುಮ್ಮನೆ ನಿಂತು ನೋಡಿದ, ಆಮೇಲೆ ಡಾಲಿ ಕೇಳಿದ. “ಕೈ ಬಿಗೀ ಹಿಡೀಬ್ಯಾಡೋ, ಸುತ್ತಿಗಿ ತಾನs ಏಳತೈತಿ,” ಅಂದರು ಚಾಚಾ.

ಈಗ ಎರಡೂ ತೊಲೆಗಳು, ತಳ, ಬಾಗಿಲ ಬುಡಗಳು ಮುಗಿದು ಪ್ರೈಮರಿನಲ್ಲಿ ನಿಂತಿವೆ. ನೀರು ಹೋಗುವ ಕಂಡಿಗಳನ್ನೆಲ್ಲ ತೆರೆದು, ಪ್ರತಿ ಮಳೆಗಾಲಕ್ಕೆ ಮೊದಲು ಸೈಕಲ್ ಕಡ್ಡಿಯಿಂದ ಚುಚ್ಚಿ ನೋಡಬೇಕೆಂದು ನನಗೆ ಹೇಳಿದ್ದಾರೆ. ತೊಲೆಗಳ ಟೊಳ್ಳಿನೊಳಗೆ ಎಣ್ಣೆ ಬಿಟ್ಟಿದ್ದಾರೆ. ಗೊಬ್ಬರ ತಿಂದ ಡಿಕ್ಕಿಯ ತಳ ಬಾಕಿಯಿದೆ. ಅದರ ಮೂಲೆಗಳ ದುಂಡು ಮಡಿಸುವ ಯಂತ್ರದಿಂದ ಬರುವುದಿಲ್ಲ, ಮರಳಿನ ಚೀಲದ ಮೇಲಿಟ್ಟು ಕೊಡತಿಯಿಂದ ಬಡಿದೇ ತೆಗೆಯಬೇಕು. ಮಿರಗದ ಮಳೆಯೊಳಗೆ ಅದು ಮುಗಿಯಬೇಕೆಂದು ಚಾಚಾ ಮಗನ ಭಾನುವಾರಗಳನ್ನೆಲ್ಲ ಈಗಲೇ ಕೇಳಿಟ್ಟಿದ್ದಾರೆ. ಶೀಟು ತಂದು ಒರಗಿಸಿದ್ದೇವೆ.